ನೀರಿನೊಳಗೆ ಅವ್ವನ ಕೈ

ನಾನು ನಿಂತಿದ್ದದ್ದು ಬಾವಿಯ ದಕ್ಷಿಣದ ದಂಡೆಯ ಮೇಲೆ, ರಾಟೆಯ ಎಡಗಡೆಯ ಕಂಬಕ್ಕೆ ಭುಜ ತಾಗಿಸಿಕೊಂಡು. ಖಾನಾಪುರದ ನಮ್ಮ ಮನೆಯ ಹಿತ್ತಲು ಅದು. ದಸರೆ ಮುಗಿದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಹನ್ನೆರಡು ದಾಟಿ ಸ್ವಲ್ಪ ಹೊತ್ತಾಗಿತ್ತು. ಇದನ್ನು ಗಡಿಯಾರ ನೋಡಿ ಹೇಳುತ್ತಿಲ್ಲ. ಅಡಿಗೆಮನೆಯ ಹಂಚಿನ ನೆರಳು ಬಾವಿಯ ನೀರಿನಿಂದ ಹಿಂದೆ ಸರಿದು, ಬಿಸಿಲು ಎದುರಿನ ಗೋಡೆಯ ಬುಡದವರೆಗೆ ಇಳಿಯುತ್ತಿದ್ದದ್ದು ಆ ದಿನಗಳಲ್ಲಿ ಆ ಹೊತ್ತಿಗೆ ಮಾತ್ರ. ನನ್ನ ಬಲಕ್ಕೆ, ಪೂರ್ವದ ಗೋಡೆಗುಂಟ, ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು. ಎಡಕ್ಕೆ ಮಂಗಲಾ ಕಾಕು ನಿಂತಿದ್ದಳು. ಎದುರಿಗೆ, ನೀರಿನ ಅಂಚಿನಿಂದಲೇ ಎದ್ದ ಬಚ್ಚಲುಮನೆಯ ಗೋಡೆ. ಅಲ್ಲಿ ಯಾರೂ ನಿಲ್ಲುವ ಹಾಗಿರಲಿಲ್ಲ. ನನಗೂ ನೀರಿಗೂ ನಡುವೆ ಯಾರೂ ಅಡ್ಡ ಇರಲಿಲ್ಲ. ನಾನು ಆಗ ಶಾಲೆಯಲ್ಲಿ ಮೂರನೇ ಇಯತ್ತೆಯಲ್ಲಿದ್ದೆ, ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಮುಂದೆ ನಾನು ಬರೆಯುವ ಮಾತಿಗೆ ನಾನೆಲ್ಲಿ ನಿಂತಿದ್ದೆ ಎನ್ನುವುದೇ ಮುಖ್ಯವಾದ್ದರಿಂದ ಇದನ್ನು ಮೊದಲು ಹೇಳಿಬಿಟ್ಟೆ.

ನಮ್ಮ ಮನೆ ಅಗಲಕ್ಕಿಂತ ಉದ್ದ ಹೆಚ್ಚು. ರಸ್ತೆಗೆ ಹತ್ತಿದ ಮೊದಲನೆಯ ಖೋಲಿಯಲ್ಲಿ ಹಿಟ್ಟಿನ ಗಿರಣಿ, ಅದರ ಹಿಂದೆ ಪಡಸಾಲೆ, ಪಕ್ಕಕ್ಕೆ ದೇವರ ಮನೆ, ಆಮೇಲೆ ಅಡಿಗೆಮನೆ, ಕೊನೆಗೆ ಬಾವಿ. ಬೆಳಿಗ್ಗೆ ಗಿರಣಿ ಚಾಲು ಆದರೆ ಅಡಿಗೆಮನೆಯ ಮಾಡದಲ್ಲಿದ್ದ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಎನ್ನುತ್ತಿದ್ದವು. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದರೆ ಕಿವಿ ಮುಚ್ಚಿದಂತೆ ಆಗುತ್ತಿತ್ತು. ಅಪ್ಪ ಊಟಕ್ಕೆ ಬಂದಾಗ ಅವನ ರೆಪ್ಪೆಯ ಮೇಲೂ ಹಿಟ್ಟು ಇರುತ್ತಿತ್ತು. ಗಿರಣಿಯ ಮೂಲೆಯಲ್ಲಿ ಖಾರ ಕುಟ್ಟುವ ಯಂತ್ರ ಒಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಅವ್ವ. ಮೂಗಿಗೆ ಹಳೆಯ ಪಂಚೆಯ ಚೂರು ಕಟ್ಟಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಅವಳು ಕುಟ್ಟಿದ ಖಾರಕ್ಕೆ ಬೀಡಿ, ನಂದಗಡ ಊರುಗಳಿಂದ ಮಂದಿ ಬರುತ್ತಿದ್ದರು. ರಾತ್ರಿ ನನ್ನ ಕೆನ್ನೆ ಸವರಿದರೆ ಕೆನ್ನೆ ಉರಿಯುತ್ತಿತ್ತು. ಆ ಉರಿಯನ್ನು ನಾನು ಅವ್ವನ ವಾಸನೆಯ ಹಾಗೆ ಗುರುತು ಹಿಡಿಯುತ್ತಿದ್ದೆ.

ಮನೆಯಲ್ಲಿ ನಾವು ಆರು ಮಂದಿ: ಅಪ್ಪನ ತಾಯಿ ಆಯಿ, ಅಪ್ಪ, ಅವ್ವ, ಅಪ್ಪನ ತಮ್ಮ ಈರಣ್ಣ ಕಾಕಾ, ಅವನ ಹೆಂಡತಿ ಮಂಗಲಾ ಕಾಕು, ಮತ್ತು ನಾನು. ಆ ದಸರೆಯ ಹೊತ್ತಿಗೆ ಕಾಕಾ ಬೆಳಗಾವಿಯ ಆಟೋ ನಗರದಲ್ಲಿ ಗೆಳೆಯನೊಬ್ಬನ ಜೊತೆ ವರ್ಕ್‌ಶಾಪ್ ಹಾಕಬೇಕೆಂದು ಹಟ ಹಿಡಿದಿದ್ದ. ಅದಕ್ಕೆ ಖಾರ ಕುಟ್ಟುವ ಯಂತ್ರ ಮಾರಬೇಕು ಎಂದು ಊಟದ ಹೊತ್ತಿನಲ್ಲಿ ಅವನು ಮಾತು ತೆಗೆದ. ಅಪ್ಪ ತಲೆ ಎತ್ತಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಹೇಳಿದ್ದನ್ನು ಎಲ್ಲರೂ ಕೇಳಿದೆವು.

“ಆ ಮಷೀನಿಗೆ ಕೈ ಹಚ್ಚಿದ್ರ ನಾ ಸುಮ್ಮನಿರಂಗಿಲ್ಲ, ಈರಣ್ಣ. ಹೇಳಿಟ್ಟೀನಿ.”

ಕಾಕಾ ತಾಟು ಸರಿಸಿ ಎದ್ದ. ಆಮೇಲೆ ಅವರಿಬ್ಬರೂ ಮಾತು ಬಿಟ್ಟರು. ಅವನಿಗೆ ಬಡಿಸುವುದು ಕಾಕುವಿನ ಕೆಲಸವಾಯಿತು. ಅವ್ವ ಅವನ ತಾಟಿನ ಕಡೆ ನೋಡದೆ ಪಲ್ಯದ ಬೋಗುಣಿಯನ್ನು ಕಾಕುವಿನ ಮುಂದೆ ಇಡುತ್ತಿದ್ದಳು. ಜಗಳಗಳು ಮೊದಲೂ ಆಗಿದ್ದವು. ಆದರೆ ಈ ಮೌನ ಮುಗಿಯುವ ಮೊದಲೇ ಬಾವಿಯಲ್ಲಿ ಅದು ನಡೆಯಿತು. ಹಾಗಾಗಿ ಆ ಒಂದು ಮಾತು, ಮುಗಿಯದ ಜಗಳದ ಕೊನೆಯ ಮಾತಾಗಿ, ಎಲ್ಲರ ಕಿವಿಯಲ್ಲಿ ಉಳಿಯಿತು.

ಆಯಿ ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಮುಂಜಾನೆ ಜಳಕ ಮಾಡಿ, ಹಣೆಗೆ, ತೋಳಿಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ್ದ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಲಿಂಗ ತೊಳೆದ ನೀರೇ ಅವಳ ದಿನದ ಮೊದಲ ಗುಟುಕು. ಆ ನೀರಿಗೆ ಪಾದೋದಕ ಎನ್ನುತ್ತಾರೆ. ಒಂದು ಹನಿ ನನ್ನ ನಾಲಿಗೆಗೂ ಬೀಳುತ್ತಿತ್ತು. ಗಿರಣಿ ಎಷ್ಟು ಸದ್ದು ಮಾಡಿದರೂ ಆ ಅಂಗೈ ಅಲುಗುತ್ತಿರಲಿಲ್ಲ.

ಶಿವದಾರ ಹಳೆಯದಾಗಿತ್ತು. ಬಾವಿಯ ಆ ಘಟನೆಯ ಹಿಂದಿನ ದಿನ ಮುಂಜಾನೆ, ಪೂಜೆಗೆ ಮೊದಲು, ಆಯಿ ಮಡಿನೀರಿಗೆಂದು ಬಾವಿಯ ಮೇಲೆ ಬಗ್ಗಿದಾಗ ದಾರ ಹರಿಯಿತು. ಕರಡಿಗೆ ನೀರಿಗೆ ಬಿತ್ತು. ನಾನು ಆಗ ಹಾಸಿಗೆಯಲ್ಲಿದ್ದೆ, ನೋಡಲಿಲ್ಲ. ಎದ್ದು ಬರುವಷ್ಟರಲ್ಲಿ ಆಯಿ ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಎಡಗೈ ಎದೆಯ ಮೇಲೆ ಇತ್ತು. ಅವಳು ಅಳುತ್ತಿರಲಿಲ್ಲ. ಅದೇ ನನಗೆ ಮೊದಲು ಹೆದರಿಕೆ ಹುಟ್ಟಿಸಿತು.

ಅದೇ ದಿನ ಮಧ್ಯಾಹ್ನ ಬಿಸಿಲು ನೀರಿಗೆ ಇಳಿದಾಗ ಕರಡಿಗೆ ಕಂಡಿತು. ಬಾವಿಯ ಮೆಟ್ಟಿಲುಗಳು ನೀರಿನೊಳಗೂ ಇಳಿದು, ಮೂಲೆಯಲ್ಲಿ ತಿರುಗಿ, ಬಚ್ಚಲಿನ ಗೋಡೆಯ ಕೆಳಗೆ ಒಂದು ಕಿರಿದಾದ ಕಟ್ಟೆಯಾಗುತ್ತಿದ್ದವು. ಆ ಕಟ್ಟೆಯ ಮೇಲೆ, ಪಾಚಿಯ ನಡುವೆ, ಬೆಳ್ಳಿ ಹೊಳೆಯುತ್ತಿತ್ತು. ಮಳೆಗಾಲದ ನೀರು ತಿಳಿಯಾಗಿ ನಿಂತಿತ್ತು. ಬಗ್ಗಿ ಕೈ ಹಾಕಿದರೆ ಸಿಕ್ಕೀತು ಎನ್ನುವಷ್ಟು ಹತ್ತಿರ ಕಾಣುತ್ತಿತ್ತು. ಅಪ್ಪ ಬಾವಿಗೆ ಬಿದ್ದ ಕೊಡ ಎತ್ತುವ ಕೊಂಡಿಗಳ ಗೊಂಚಲು ತಂದು, ಅದನ್ನು ಬಿದಿರಿನ ಗಳಕ್ಕೆ ಕಟ್ಟಿ, ನಮ್ಮ ಕಡೆಯಿಂದ ಚಾಚಿದ. ಗಳ ನೀರಿಗೆ ತಾಗಿದ ಕಡೆ ಮುರಿದಂತೆ ಕಂಡಿತು. ಕರಡಿಗೆ ಕಂಡ ಜಾಗಕ್ಕೇ ಅಪ್ಪ ಗುರಿ ಇಟ್ಟ. ಕೊಂಡಿ ಏನನ್ನೂ ತಾಗದೆ ಮುಂದೆ ಹೋಗಿ ಗೋಡೆಗೆ ಬಡಿಯಿತು. ಇನ್ನೊಮ್ಮೆ ಚಾಚಿದಾಗ ಕಟ್ಟೆಯ ಅಂಚಿನ ಪಾಚಿ ಕಿತ್ತು ಕೆಳಗಿನ ಕತ್ತಲೆಗೆ ಇಳಿದು ಹೋಯಿತು. ಆಯಿ ಅಪ್ಪನ ಕೈ ಹಿಡಿದು ನಿಲ್ಲಿಸಿದಳು. ಕರಡಿಗೆ ಜರುಗಿ ಆಳಕ್ಕೆ ಬಿದ್ದರೆ ಮುಗಿಯಿತು ಎಂದು ಅವಳ ಭಯ.

ಆ ದಿನ ಅವಳು ನೀರು ಮುಟ್ಟಲಿಲ್ಲ. ಅಪ್ಪ ಗಿರಣಿ ಬಂದ್ ಇಟ್ಟ. ಬಾಗಿಲಿಗೆ ಬಂದವರು ಕಾಳಿನ ಚೀಲ ಹೊತ್ತು ಹಾಗೇ ತಿರುಗಿ ಹೋದರು. ಮನೆಯಲ್ಲಿ ಡಬ್ಬಿಗಳು ಸದ್ದು ಮಾಡಲಿಲ್ಲ. ನಾವು ಮೆಲ್ಲಗೆ ನಡೆಯತೊಡಗಿದೆವು. ಮಠದ ಅಯ್ಯನವರು ಬಂದು, ಹೋದದ್ದು ಹೋಯಿತು, ಬೇರೆ ಲಿಂಗ ಕಟ್ಟುತ್ತೇನೆ, ಅದರಲ್ಲಿ ತಪ್ಪಿಲ್ಲ ಎಂದರು. ಆಯಿ ಸೆರಗು ಹೊದ್ದು ಕೈ ಮುಗಿದಳು.

“ಕಣ್ಣಿಗಿ ಕಾಣಾಕತ್ತೈತಿ, ಅಯ್ಯಾರ. ಹೋಗೇತಿ ಅಂತ ಹೆಂಗ ಅನ್ನಲಿ? ಕಾಣೂ ಲಿಂಗ ಬಿಟ್ಟು ಇನ್ನೊಂದ ಕಟ್ಟಿಸಿಕೊಳ್ಳಾಕ ನನ್ನ ಕೈಲಾಗಂಗಿಲ್ಲರಿ.”

ಅಯ್ಯನವರು ಬಾವಿಯವರೆಗೆ ಹೋಗಿ ಬಗ್ಗಿ ನೋಡಿ ಬಂದರು. ಮತ್ತೆ ಒತ್ತಾಯ ಮಾಡಲಿಲ್ಲ. ಅಪ್ಪ ನೀರು ಎತ್ತುವ ಎಂಜಿನ್ನಿಗಾಗಿ ದೇಸೂರಿನ ಪರಿಚಯದವರೊಬ್ಬರಿಗೆ ಹೇಳಿ ಕಳಿಸಿದ. ಅದು ಹೊಲದಲ್ಲಿ ಕೂತಿದೆ, ಎರಡು ದಿನ ಬಿಟ್ಟು ಕೊಡುತ್ತೇವೆ ಎಂದು ಉತ್ತರ ಬಂತು. ಮರುದಿನ ಬೆಳಿಗ್ಗೆ ಆಯಿಯ ತುಟಿ ಒಡೆದಿತ್ತು. ನಾಲಿಗೆ ಅಂಟಿಕೊಂಡು ಮಾತು ತೊದಲುತ್ತಿತ್ತು. ನನ್ನನ್ನು ಕರೆದಾಗ ನನ್ನ ಹೆಸರು ಪೂರ್ತಿ ಆಡಲಿಕ್ಕೆ ಆಗಲಿಲ್ಲ. ನಾನು ಅವಳ ಹತ್ತಿರ ಹೋಗದೆ ಬಾಗಿಲ ಸಂದಿಯಲ್ಲಿ ನಿಂತೆ. ಅವಳ ಎದೆ ಏರಿ ಇಳಿಯುತ್ತಿದೆಯೋ ಇಲ್ಲವೋ ಎಂದು ಅಲ್ಲಿಂದಲೇ ನೋಡುತ್ತಿದ್ದೆ.

ಬಿಸಿಲು ಬಾವಿಗೆ ಇಳಿಯುವ ಹೊತ್ತಿಗೆ ಕಾಕಾ ಅಂಗಿ ಬಿಚ್ಚಿ ಬಂದ. ಅವನಿಗೆ ಈಜು ಬರುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅಪ್ಪ ರಾಟೆಯ ಹಗ್ಗ ಬಿಚ್ಚಿ, ಸೊಂಟಕ್ಕೆ ಕಟ್ಟಿಕೊ ಎಂದು ಅವನತ್ತ ಹಿಡಿದ. ಕಾಕಾ ನೀರನ್ನು ನೋಡಿ ನಕ್ಕ.

“ಎದಿಮಟ ನೀರೈತಿ ಅಷ್ಟ. ಕಟ್ಟಿ ಕಾಣಾಕತ್ತಿಲ್ಲನು ನಿನಗ? ಇಷ್ಟಕ್ಕ ಹಗ್ಗ ಕಟಗೊಂಡ್ರ ಮಂದಿ ನಗತಾರ.”

ಅವನು ಹೇಳಿದ್ದು ಸುಳ್ಳೆಂದು ನಮಗೆ ಯಾರಿಗೂ ಅನಿಸಲಿಲ್ಲ. ನಮಗೂ ಎದೆಮಟ್ಟವೇ ಕಾಣುತ್ತಿತ್ತು. ಪಕ್ಕದ ಮನೆಯ ಸುಶೀಲಾ ಮಾವಶಿ ನಡುಗೋಡೆಯ ಮೇಲಿನಿಂದ ಬಗ್ಗಿ, “ಜಪೂನ್ ರೇ ಈರಣ್ಣ” ಎಂದು ಮರಾಠಿಯಲ್ಲಿ ಎಚ್ಚರಿಕೆ ಹೇಳಿದಳು. ಅಷ್ಟೇ. ಆಯಿಯನ್ನು ಅಡಿಗೆಮನೆಯ ಹೊಸ್ತಿಲ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು. ಅಪ್ಪ ಹಗ್ಗವನ್ನು ಮತ್ತೆ ರಾಟೆಗೆ ಹಾಕಲು ಬೆನ್ನು ತಿರುಗಿಸಿದ. ಅವ್ವ ಒಣ ಮೆಟ್ಟಿಲುಗಳಲ್ಲಿ ಕೊನೆಯದರ ಮೇಲೆ, ಕರಡಿಗೆ ಇಸಿದುಕೊಳ್ಳಲೆಂದು ಹಿತ್ತಾಳೆಯ ತಟ್ಟೆ ಹಿಡಿದು ನಿಂತಿದ್ದಳು. ಮಾತು ಬಿಟ್ಟಿದ್ದರೂ ತಟ್ಟೆ ಹಿಡಿದು ನಿಂತಿದ್ದಳು, ಇದನ್ನು ನಾನು ಬರೆದಿಡಬೇಕು.

ಕಾಕಾ ನೀರಿನೊಳಗಿನ ಮೆಟ್ಟಿಲು ಇಳಿದ. ಮೊದಲ ಮೆಟ್ಟಿಲಿಗೆ ನೀರು ಮೊಳಕಾಲಿಗೆ ಬಂತು, ಮುಂದಿನದಕ್ಕೆ ತೊಡೆಯ ಮೇಲೆ. ನಾನು ನಿಂತಲ್ಲಿಂದ ಅವನು ನೀರಿನ ಗೆರೆಯಲ್ಲಿ ತುಂಡಾದಂತೆ ಕಂಡ. ಮೇಲಿನ ಮೈ ಒಂದು ಕಡೆ. ಕಾಲುಗಳು ಸ್ವಲ್ಪ ಪಕ್ಕಕ್ಕೆ, ಮೊಟಕಾಗಿ, ಬೇರೆ ಯಾರದೋ ಕಾಲುಗಳಂತೆ. ನಾನು ಕಂಬ ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಕರಡಿಗೆಯ ಮೇಲೆ ಕಣ್ಣಿಟ್ಟು ಕಟ್ಟೆಯ ಮೇಲೆಂದು ಬಲಗಾಲು ಇಟ್ಟ. ಕಾಲಿಗೆ ಕಟ್ಟೆ ಸಿಗಲಿಲ್ಲ. ಅವನ ತಲೆ ನೀರಿನ ಕೆಳಗೆ ಹೋಯಿತು. ಸದ್ದು ದೊಡ್ಡದಾಗಿ ಆಗಲಿಲ್ಲ.

ಒಮ್ಮೆ ಮೇಲೆ ಬಂದ, ಬಾಯಿ ತೆರೆದಿತ್ತು, ಕೂಗು ಬರಲಿಲ್ಲ. ಮತ್ತೆ ಹೋದ. ಅವ್ವನ ಕೈಯಿಂದ ತಟ್ಟೆ ಬಿತ್ತು. ಅವಳು ಮೆಟ್ಟಿಲ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದು, ಬಲಗೈಯನ್ನು ಭುಜದವರೆಗೆ ನೀರಿಗೆ ಹಾಕಿದಳು. ಅವಳ ಕೆನ್ನೆ ನೀರಿಗೆ ತಾಗಿತ್ತು. ಕಾಕಾನ ಮುಖ ನೀರಿನೊಳಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಬಿಸಿಲು ಅದರ ಮೇಲೆ ಇತ್ತು. ಒಂದು ಮೊಳವೂ ಆಳ ಇರಲಿಲ್ಲ, ಹಾಗೆ ಕಾಣುತ್ತಿತ್ತು. ಅವ್ವನ ಕೈ ಅವನ ಹತ್ತಿರ ಹೋಯಿತು. ಆಮೇಲೆ ನಾನು ಕಂಡದ್ದು ಇದು. ನೀರಿನೊಳಗೆ ಹೋದ ಕೈ ನೇರವಾಗಿ ಇರಲಿಲ್ಲ. ನೀರು ಮುಟ್ಟಿದ ಕಡೆ ಅದು ಮಡಚಿಕೊಂಡಿತ್ತು. ಹಿಡಿಯಲು ಚಾಚಿದವಳು ಅರ್ಧದಲ್ಲಿ ಮನಸ್ಸು ಬದಲಿಸಿ ಕೈ ಹಿಂದಕ್ಕೆ ಎಳೆದುಕೊಂಡ ಹಾಗೆ. ಕಾಕಾನ ಮುಖ ಅವಳ ಬೆರಳುಗಳ ಪಕ್ಕದಿಂದಲೇ ಕೆಳಗೆ ಇಳಿಯಿತು.

ಅಪ್ಪ ತಿರುಗಿದವನು ಕೊಡ ಕಟ್ಟಿದ ಹಗ್ಗವನ್ನೇ ಎಸೆದ. ಕೊಡ ತೇಲಿತು. ಕಾಕಾ ಮತ್ತೆ ಮೇಲೆ ಬಂದಾಗ ಅವನ ತೋಳಿಗೆ ಅದು ತಾಗಿತು, ಅಪ್ಪಿಕೊಂಡ. ಅಪ್ಪ ಎಳೆದ, ಅವ್ವ ಅವನ ಕೂದಲು ಹಿಡಿದು ಮೆಟ್ಟಿಲಿಗೆ ಎತ್ತಿದಳು. ಅವನು ನೀರು ಕಾರಿದ, ಕೆಮ್ಮಿದ, ಉಸಿರಾಡಿದ. ಮಂಗಲಾ ಕಾಕು ಇನ್ನೂ ನನ್ನ ಎಡಗಡೆಯಲ್ಲೇ, ನಿಂತಲ್ಲೇ ನಿಂತಿದ್ದಳು. ಅವಳು ಕಿರುಚಲಿಲ್ಲ. ಬಹಳ ಮೆಲ್ಲಗೆ ಹೇಳಿದಳು.

“ಅಕ್ಕಾ ಕೈ ಮಡಚಿದ್ಲು. ಸಿಕ್ಕಿದ್ದ ಅವ. ನಾ ಕಣ್ಣಿಲೆ ನೋಡೀನಿ.”

ಅವ್ವ ಒದ್ದೆ ಸೀರೆಯಲ್ಲಿ, ಕಾಕಾನ ತಲೆ ತೊಡೆಯ ಮೇಲೆ ಇಟ್ಟುಕೊಂಡು, ಮೇಲೆ ನೋಡಿದಳು. ಅವಳಿಗೆ ಕಾಕುವಿನ ಮಾತು ತಿಳಿಯಲಿಲ್ಲ ಎಂದು ನನಗೆ ಈಗ ಅನಿಸುತ್ತದೆ. ಅವಳು ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು.

ಹೊಸ್ತಿಲ ಮೇಲಿದ್ದ ಆಯಿ ಗೋಡೆ ಹಿಡಿದು ಎದ್ದು ಬಂದಿದ್ದಳು. ಹೇಗೆ ಎದ್ದಳೋ. ಕಾಕಾನ ಎದೆಯ ಮೇಲೆ ಕೈ ಇಟ್ಟು, ಉಸಿರು ಇದೆ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಕೊಡದ ತಳದಲ್ಲಿ ಉಳಿದಿದ್ದ ಬಾವಿಯ ನೀರನ್ನು ತೋರಿಸಿದಳು.

“ಲಿಂಗ ಕುಂತ ನೀರು ಇದು. ಬಾವಿಗಿ ಬಾವೀನ ಪಾದೋದಕ ಆಗೇತಿ. ಕೊಡ ಇತ್ಲಾಗ. ಇನ್ನ ಯಾರೂ ಇಳೀಬಾರದು.”

ಬೊಗಸೆ ಹಿಡಿದು ಕುಡಿದಳು. ಅರ್ಧ ನೀರು ಗದ್ದದಿಂದ ಇಳಿದು ಹೋಯಿತು. ಅಪ್ಪ ಅಲ್ಲೇ ಕೂತು ಅತ್ತ. ಆಯಿ ಬದುಕಿದಳು, ಕಾಕಾ ಬದುಕಿದ. ಯಾರೂ ಸಾಯಲಿಲ್ಲ. ಆದರೂ ಆ ಮಧ್ಯಾಹ್ನ ನಮ್ಮ ಮನೆ ಒಡೆಯಿತು.

ಕಾಕು ಆ ಮಾತನ್ನು ಕಿರುಚಾಡಿ ಹೇಳಿದ್ದರೆ ಯಾರಾದರೂ ಬೈದು ಬಾಯಿ ಮುಚ್ಚಿಸುತ್ತಿದ್ದರು. ಅವಳು ಹಾಗೆ ಮಾಡಲಿಲ್ಲ. ಸಾಕ್ಷಿ ಹೇಳುವವಳಂತೆ, ಕೇಳಿದವರಿಗೆ ಮಾತ್ರ, ಒಂದೇ ರೀತಿ ಹೇಳಿದಳು. ಖಾರದ ಮಷೀನಿನ ಮಾತನ್ನು ಅದರ ಜೊತೆಗೆ ಸೇರಿಸಬೇಕಾಗಿಯೇ ಇರಲಿಲ್ಲ, ಅದನ್ನು ಎಲ್ಲರೂ ತಾವೇ ಸೇರಿಸಿಕೊಂಡರು. ಸುಶೀಲಾ ಮಾವಶಿಯನ್ನು ಕೇಳಿದಾಗ ಅವಳು, ನನಗೂ ಹಾಗೇ ಕಂಡಿತು, ಆದರೆ ಶಾಂತಾ ಅಂಥವಳಲ್ಲ, ಎಂದಳಂತೆ. ಶಾಂತಾ ಎಂದರೆ ಅವ್ವ. ಮೊದಲಿನ ಅರ್ಧವಷ್ಟೇ ಬೀದಿಯಲ್ಲಿ ತಿರುಗಿತು. ಅವ್ವ ತನ್ನ ಪರವಾಗಿ ಹೇಳಿದ್ದು ಒಂದೇ ಮಾತು: ನನ್ನ ಕೈ ಅವನಿಗೆ ಮುಟ್ಟಲಿಲ್ಲ. ಎರಡನೆಯ ಸಲ ಹೇಳಲಿಲ್ಲ. ದೀಪಾವಳಿಗೆ ಮುಂಚೆ ಕಾಕಾ, ಕಾಕು ಬೆಳಗಾವಿಗೆ ಹೋದರು. ಖಾರದ ಮಷೀನನ್ನು ಅವ್ವನೇ ಒರೆಸಿ, ಎಣ್ಣೆ ಹಾಕಿ, ಟೆಂಪೋಗೆ ಏರಿಸಿ ಕಳಿಸಿದಳು.

ಯಾರೂ ನನ್ನನ್ನು ಕೇಳಲಿಲ್ಲ. ಸಣ್ಣ ಹುಡುಗಿ ಏನು ನೋಡಿರುತ್ತಾಳೆ ಎಂದುಕೊಂಡಿರಬೇಕು. ಆದರೆ ನಾನು ಕಾಕುಗಿಂತ ಚೆನ್ನಾಗಿ ನೋಡಿದ್ದೆ. ಮುಂದಿನ ವರ್ಷಗಳಲ್ಲಿ ನಾನು ಬೆಳೆದದ್ದು ಈ ಹೆದರಿಕೆಯ ಒಳಗೆ. ಅವ್ವ ನನಗೆ ಎರೆಯುವಾಗ ತಲೆಯ ಮೇಲೆ ನೀರು ಸುರಿದರೆ ನಾನು ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ, ಸೀಗೆಪುಡಿ ಉರಿದರೂ ಮುಚ್ಚುತ್ತಿರಲಿಲ್ಲ. ಅವಳ ಕೈ ಎಲ್ಲಿದೆ ಎಂದು ಗೊತ್ತಿರಬೇಕಿತ್ತು. ಮಲಪ್ರಭೆಯ ಘಾಟಿನಲ್ಲಿ ಪಾಚಿಗಟ್ಟಿದ ಮೆಟ್ಟಿಲು ಇಳಿಯುವಾಗ ಅವಳು ಕೈ ಚಾಚುತ್ತಿದ್ದಳು. ನಾನು ಹಿಡಿಯದೆ ಕುಕ್ಕರಗಾಲಿನಲ್ಲಿ ಜರುಗುತ್ತ ಇಳಿಯುತ್ತಿದ್ದೆ. ಹುಡುಗಿಗೆ ನೀರೆಂದರೆ ಅಂಜಿಕೆ ಎಂದು ಅವ್ವ ಎಲ್ಲರಿಗೂ ಹೇಳಿದಳು. ಜ್ವರ ಬಂದ ಒಂದು ಸಲ ಅವಳು ಹಣೆ ಮುಟ್ಟಿದಾಗ ನಾನು ಕೂಗಿಕೊಂಡೆನಂತೆ. ಅವಳ ಅಂಗೈಯಲ್ಲಿ ಈಗ ಖಾರದ ಉರಿ ಇರಲಿಲ್ಲ, ಅದೊಂದು ಅಪರಿಚಿತ ಕೈಯಾಗಿತ್ತು. ಅವ್ವ ನನ್ನನ್ನು ಪ್ರೀತಿಸುತ್ತಾಳೆ ಎನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಕಾಕಾನ ಮೇಲೂ ಅವಳಿಗೆ ಪ್ರೀತಿ ಇತ್ತಲ್ಲ, ಅದೇ ನನ್ನ ಹೆದರಿಕೆ. ಒಂದು ಕ್ಷಣಕ್ಕೆ ಅವಳ ಕೈ ಮಡಚಿಕೊಳ್ಳಬಹುದು. ಆ ಕ್ಷಣ ಯಾವಾಗ ಬರುತ್ತದೆ ಎಂದು ಯಾರಿಗೆ ಗೊತ್ತು.

ಕಾಕಾ ಬೆಳಗಾವಿಗೆ ಹೋದ ಮುಂದಿನ ಬೇಸಿಗೆಯಲ್ಲಿ ಬಾವಿಯ ನೀರು ಬಹಳ ಇಳಿಯಿತು, ಕಟ್ಟೆ ತೆರೆದುಕೊಂಡಿತು. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಕರಡಿಗೆಯನ್ನು ಕೊಡದಲ್ಲಿ ಇಟ್ಟು ಮೇಲೆ ಕಳಿಸಿದ. ಅದು ಕಪ್ಪಗಾಗಿತ್ತು, ಒಳಗೆ ಲಿಂಗ ಹಾಗೇ ಇತ್ತು. ಆಯಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಆದರೆ ಅಪ್ಪ ತಕ್ಷಣ ಮೇಲೆ ಬರಲಿಲ್ಲ. ಕಟ್ಟೆಯ ಮೇಲೆ ನಿಂತು, ಗೋಡೆಯ ಮೇಲೆ ಉಳಿದಿದ್ದ ಹಳೆಯ ನೀರಿನ ಗೆರೆಯನ್ನು ಮುಟ್ಟಲು ಕೈ ಎತ್ತಿದ. ಅದು ಅವನ ಬೆರಳಿಗೆ ಎಟುಕಲಿಲ್ಲ. ನಾವೆಲ್ಲ ಎದೆಮಟ್ಟ ಎಂದುಕೊಂಡಿದ್ದ ನೀರು ಅದು. ಅವನು ಅಲ್ಲಿಂದ ಅವ್ವನನ್ನು ನೋಡಿದ. ಅವ್ವ ಒಳಗೆ ಹೋದಳು. ಆಳ ತಪ್ಪಿ ಕಂಡಿತ್ತು ಎನ್ನುವುದು ಅವತ್ತು ಅವರಿಗೆ ಗೊತ್ತಾಯಿತು. ಕೈಯೂ ತಪ್ಪಿ ಕಂಡಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ನನಗಂತೂ ಇಲ್ಲ.

ಅದು ಹೊಳೆದದ್ದು ನಾನು ಹತ್ತನೆಯ ಇಯತ್ತೆಯಲ್ಲಿ ಇದ್ದಾಗ. ವಿಜ್ಞಾನದ ಗುರುಗಳು ದಪ್ಪ ಗಾಜಿನ ಚೌಕವೊಂದನ್ನು ಬಿಳಿ ಹಾಳೆಯ ಮೇಲೆ ಇಟ್ಟು, ಗುಂಡುಸೂಜಿ ಚುಚ್ಚಿ, ಗೆರೆ ಎಳೆದು ತೋರಿಸಿದರು. ಗಾಜಿನ ಒಳಗೆ ಹೋದ ಗೆರೆ ಹೊರಬರುವಾಗ ಪಕ್ಕಕ್ಕೆ ಸರಿದಿತ್ತು. ನನಗೆ ಏನೂ ಅನಿಸಲಿಲ್ಲ. ಆಮೇಲೆ ಅವರು ಪಾರದರ್ಶಕ ಪ್ಲಾಸ್ಟಿಕ್ ಡಬ್ಬದಲ್ಲಿ ನೀರು ತುಂಬಿ, ಕಟ್ಟಿಗೆಯ ಅಳತೆಪಟ್ಟಿಯನ್ನು ಓರೆಯಾಗಿ ಇಳಿಸಿದರು. ಪಟ್ಟಿ ನೀರಿನ ಗೆರೆಯಲ್ಲಿ ಮಡಚಿಕೊಂಡಿತು. ಮೇಲಕ್ಕೆ ಎತ್ತಿದರು, ನೆಟ್ಟಗಿತ್ತು. ಮತ್ತೆ ಇಳಿಸಿದರು.

“ಮುರದಿಲ್ಲ, ನೋಡ್ರಿ. ಬೆಳಕು ನೀರಿನ್ಯಾಗಿಂದ ಗಾಳಿಗಿ ಬರೂಮುಂದ ದಾರಿ ಬದಲ ಮಾಡ್ತೈತಿ. ಕಣ್ಣಿಗೆ ಅದು ಗೊತ್ತಾಗಂಗಿಲ್ಲ. ಅದು ಬೆಳಕು ಸೀದಾ ಬಂದೇತಿ ಅಂತನ ತಿಳಕೋತೈತಿ.”

ಹುಡುಗರು ನಕ್ಕರು. ನಾನು ಬೆಂಚಿನ ಮೇಲಿದ್ದ ನನ್ನ ಕೈಯನ್ನು ನೋಡಿದೆ. ಒಂದೊಂದೇ ಸಾಲಿನವರು ಎದ್ದು ಬಂದು ಹತ್ತಿರದಿಂದ ನೋಡಿ ಎಂದರು. ನಮ್ಮ ಸಾಲು ಬಂದಾಗ ನಾನು ಏಳಲಿಲ್ಲ. ಗುರುಗಳು ಏನಾಯಿತೆಂದು ಕೇಳಿದರು, ಹೊಟ್ಟೆನೋವು ಎಂದು ಹೇಳಿ ಮನೆಗೆ ಬಂದೆ. ದಾರಿಯುದ್ದಕ್ಕೂ ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ನನ್ನ ಕಣ್ಣು ನನಗೆ ಇಷ್ಟು ವರ್ಷ ಸುಳ್ಳು ಹೇಳಿದೆ ಎಂದರೆ ಇನ್ನು ನಾನು ಯಾವುದನ್ನು ನಂಬಬೇಕು? ರಸ್ತೆ ದಾಟುವಾಗ ಬರುತ್ತಿದ್ದ ಬಸ್ಸು ಎಷ್ಟು ದೂರ ಇದೆ ಎಂದು ತಿಳಿಯದೆ ಅಂಗಡಿಯೊಂದರ ಕಟ್ಟೆ ಹಿಡಿದು ಬಹಳ ಹೊತ್ತು ನಿಂತಿದ್ದೆ.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಅಳತೆಪಟ್ಟಿ, ನೀರು, ಬೆಳಕು, ನಿನ್ನ ಕೈ ನೆಟ್ಟಗೇ ಇತ್ತು, ನಮಗೆ ಮಾತ್ರ ಹಾಗೆ ಕಂಡಿತು, ಅವನು ಕಂಡದ್ದಕ್ಕಿಂತ ಆಳದಲ್ಲಿದ್ದ, ನಿನಗೆ ಎಟುಕುವಂತೆಯೇ ಇರಲಿಲ್ಲ. ಅವಳ ಮುಖ ಅರಳುತ್ತದೆ ಎಂದು ಕಾದೆ. ರೊಟ್ಟಿ ತಿರುಗಿಸುತ್ತಿದ್ದ ಅವಳ ಕೈ ಕಲ್ಲಿನ ಮೇಲೆ ನಿಂತಿತು.

“ನಮಗ ಅಂದ್ರ? ನೀನೂ ಹಂಗ ತಿಳಕೊಂಡಿದ್ದೇನು ಇಷ್ಟ ವರ್ಷ?”

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಅದನ್ನು ತೆಗೆದು ಪಕ್ಕಕ್ಕೆ ಇಟ್ಟು ಇನ್ನೊಂದು ಹಿಟ್ಟಿನ ಉಂಡೆ ತಗೊಂಡಳು. ಎರೆಯುವಾಗ ಬಿಟ್ಟ ಕಣ್ಣು, ಘಾಟಿನಲ್ಲಿ ಹಿಡಿಯದ ಕೈ, ಜ್ವರದ ಕೂಗು, ಒಂದೊಂದೂ ಅವಳಿಗೆ ಆಗ ಅರ್ಥವಾಗುತ್ತಿರುವುದನ್ನು ನಾನು ಅವಳ ಬೆನ್ನಿನಲ್ಲಿ ನೋಡಿದೆ. ಬಾವಿಯ ಹತ್ತಿರ ಹೆದರಿದ್ದಕ್ಕಿಂತ ಅವತ್ತು ನಾನು ಹೆಚ್ಚು ಹೆದರಿದೆ. ರಾತ್ರಿ ಬಡಿಸುವಾಗ ಅವಳು ನನ್ನ ತಾಟಿಗೆ ಬೆಣ್ಣೆ ಹಾಕಿ, ಮೆಲ್ಲಗೆ, ಅಕಿಗಿ ಹೇಳು, ಎಂದಳು. ಅಕಿ ಎಂದರೆ ಕಾಕು.

ಹೇಳಿದೆ. ಬೆಳಗಾವಿಯಲ್ಲಿ ಸಂಬಂಧಿಕರ ಮದುವೆಯೊಂದರಲ್ಲಿ, ಊಟದ ಪಂಕ್ತಿಯಿಂದ ಎದ್ದ ಮೇಲೆ. ಕಾಕು ಪೂರ್ತಿ ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ನನ್ನ ಗದ್ದ ಹಿಡಿದು ಹೇಳಿದಳು.

“ಶಾಣ್ಯಾ ಆಗೀದಿ. ಅವ್ವನ ಪರ ವಕೀಲಕಿ ಚಲೋ ಮಾಡ್ತಿ. ಖರೇ, ನಾ ಕಣ್ಣಿಲೆ ನೋಡಿದ್ದ ನಾ ಹೆಂಗ ಬಿಡ್ಲಿ, ಗೌರೀ?”

ಅವಳು ದುಷ್ಟೆಯಲ್ಲ. ನಾನೂ ಅವಳಂತೆಯೇ ನೋಡಿದ್ದವಳು. ಅವಳನ್ನು ದೂರಲು ನನಗೆ ಬಾಯಿ ಬರಲಿಲ್ಲ. ಆಯಿ ತೀರಿಕೊಂಡಾಗ, ಅಪ್ಪ ಹೋದಾಗ ಅವಳು ಬಂದಳು, ಮಾಡಬೇಕಾದ್ದನ್ನೆಲ್ಲ ಮಾಡಿದಳು, ಅವ್ವನ ಜೊತೆ ಮಾತಾಡದೆ ಹೋದಳು. ಅವ್ವ ಈಗ ಬೆಳಗಾವಿಯ ಹಿಂಡಲಗಾದ ನನ್ನ ಮನೆಯಲ್ಲಿ ಇದ್ದಾಳೆ. ಕಾಕುವಿನ ಮನೆ ಆಟೋ ನಗರದ ಆಚೆ. ಒಂದೇ ಊರಿನಲ್ಲಿ ಇದ್ದೂ ಅವರಿಬ್ಬರೂ ಒಬ್ಬರ ಸುದ್ದಿಯನ್ನು ಒಬ್ಬರು ನನ್ನಿಂದಲೇ ತಿಳಿಯುತ್ತಿದ್ದರು, ಕೇಳದೆಯೇ.

ಹೋದ ವರ್ಷ ಕಾಕಾನ ಮೊಳಕಾಲಿನ ಆಪರೇಷನ್ ಆಗಿತ್ತು, ನೋಡಲು ಹೋಗಿದ್ದೆ. ಬೆಳಿಗ್ಗೆ ಹತ್ತರ ಸುಮಾರು. ಅಂಗಳದ ನೆಲದೊಳಗಿನ ಟಾಕಿಗೆ ಅವತ್ತು ನಳದ ನೀರು ಬಂದಿತ್ತು. ನೀರು ಎಲ್ಲಿವರೆಗೆ ಬಂತು ಎಂದು ನೋಡಲು ಮುಚ್ಚಳ ತೆಗೆದು ಬಗ್ಗಿದ ಕಾಕುವಿನ ಕೈಯಿಂದ ಸ್ಟೀಲ್ ತಂಬಿಗೆ ಜಾರಿ ಒಳಗೆ ಬಿತ್ತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ, ಅವಳಿಗಿಂತ ನಾಲ್ಕು ಹೆಜ್ಜೆ ದೂರ. ಟಾಕಿಯೊಳಗೆ ಒಂದು ಮೆಟ್ಟಿಲಿದೆ, ತಂಬಿಗೆ ಅದರ ಮೇಲೆ ಕೂತಿರಬೇಕು. ನಾನು ತೆಗೆಯುತ್ತೇನೆ ಇರಿ ಎಂದೆ. ಇಲ್ಲೇ ಕಾಣಾಕತ್ತೈತಿ ಎಂದು ಅವಳು ಕುಪ್ಪಸದ ತೋಳು ಮೇಲೆತ್ತಿ, ನೆಲಕ್ಕೆ ಎದೆ ಹಚ್ಚಿ, ಬಲಗೈ ಭುಜದವರೆಗೆ ಇಳಿಸಿದಳು. ತಂಬಿಗೆ ಸಿಗಲಿಲ್ಲ. ಇನ್ನಷ್ಟು ಚಾಚಿದಳು. ಆಮೇಲೆ ಅವಳು ಅಲುಗಾಡುವುದನ್ನು ನಿಲ್ಲಿಸಿದಳು.

ನಾನು ಹತ್ತಿರ ಹೋದೆ. ಅವಳು ತಂಬಿಗೆಯನ್ನು ನೋಡುತ್ತಿರಲಿಲ್ಲ. ತನ್ನ ಕೈಯನ್ನು ನೋಡುತ್ತಿದ್ದಳು. ನೀರಿನ ಗೆರೆಯಲ್ಲಿ ಅದು ಮಡಚಿಕೊಂಡು, ಮೊಟಕಾಗಿ, ಹಿಂದಕ್ಕೆ ಎಳೆದುಕೊಂಡಂತೆ ಕಾಣುತ್ತಿತ್ತು. ಅವಳು ಬೆರಳು ಬಿಡಿಸಿದಳು, ಕೂಡಿಸಿದಳು. ಭುಜದ ನರಗಳು ಸೆಟೆದು ನಡುಗುವಷ್ಟು ಅವಳು ಚಾಚಿದ್ದಳು. ಕೈ ಮಡಚಿಕೊಂಡೇ ಇತ್ತು. ಎಷ್ಟು ಹೊತ್ತು ಹಾಗಿದ್ದಳೋ. ಒಳಗಿನಿಂದ ಕಾಕಾ, ಚಹಾ ಏನಾತು, ಎಂದು ಕೇಳಿದ. ಎದ್ದು ಕೂತಾಗ ಕೈಯಿಂದ ನೀರು ಸೀರೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮುಖ ಬಿಳಿಚಿತ್ತು. ನನಗೆ ಹತ್ತನೆಯ ಇಯತ್ತೆಯ ಬೆಂಚು ನೆನಪಾಯಿತು, ಅವಳ ಹೆದರಿಕೆ ಯಾವುದೆಂದು ಗೊತ್ತಾಯಿತು.

“ಫೋನ್ ಹಚ್ಚು ಅಕಿಗಿ.”

ಅವ್ವನಿಗೆ ಹಚ್ಚಿಕೊಟ್ಟೆ. ಒದ್ದೆ ಕೈಯಲ್ಲೇ ಹಿಡಿದಳು. ಆ ಕಡೆ ಅವ್ವ, ಯಾರು, ಗೌರಿ ಏನವಾ, ಎನ್ನುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

“ಅಕ್ಕಾ. ನಾ ಮಂಗಲಾ.”

ಫೋನು ಕಟ್ಟಾಯಿತೆಂದು ನಾನು ತಿಳಿದೆ.

“ಚಹಾ ಆತನು?” ಎಂದಳು ಅವ್ವ.

ಅಷ್ಟಕ್ಕೇ ಕಾಕುವಿನ ಅಳುವಿನ ಕಟ್ಟೆ ಒಡೆಯಿತು. ಆಮೇಲೆ ಇಬ್ಬರೂ ಬಾವಿಯ ಮಾತು ಎತ್ತಲಿಲ್ಲ. ಮೊಳಕಾಲು, ಆಪರೇಷನ್, ಮೆಂತೆ ಹಿಟ್ಟು, ಇಷ್ಟೇ ಮಾತಾಡಿದರು. ಮುಂದಿನ ಸೋಮವಾರ ಕಾಕು ಹಿಂಡಲಗಾಕ್ಕೆ ಬಂದಳು. ಅವ್ವನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಸಂಜೆಯವರೆಗೆ ಕೂತಿದ್ದಳು. ಅವ್ವ ಎಳೆದುಕೊಳ್ಳಲಿಲ್ಲ. ನಾನು ಅವರಿಗೆ ಬೆಳಕಿನ ಬಗ್ಗೆ ಏನೂ ಹೇಳಲಿಲ್ಲ.

ಖಾನಾಪುರದ ಆ ಬಾವಿಯ ಬಳಿ ಆ ಮಧ್ಯಾಹ್ನ ಇದ್ದವರಲ್ಲಿ ಆಯಿ ಇಲ್ಲ, ಅಪ್ಪ ಇಲ್ಲ. ಅವ್ವನ ಕೈಯನ್ನು ಕಣ್ಣಾರೆ ಕಂಡವರಲ್ಲಿ ಈಗ ಬದುಕಿರುವವರು ಮೂವರು: ಖಾನಾಪುರದಲ್ಲಿ ಸುಶೀಲಾ ಮಾವಶಿ, ಬೆಳಗಾವಿಯಲ್ಲಿ ಮಂಗಲಾ ಕಾಕು, ಮತ್ತು ನಾನು. ಈರಣ್ಣ ಕಾಕಾ ಇದ್ದಾನೆ, ಆದರೆ ನೀರೊಳಗೆ ಕಣ್ಣು ಮುಚ್ಚಿಕೊಂಡಿದ್ದೆ ಎನ್ನುತ್ತಾನೆ. ಅವ್ವನೂ ಇದ್ದಾಳೆ. ಅವಳನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅವಳು ಕೈಯ ಕಡೆ ನೋಡಲೇ ಇಲ್ಲ, ಅವನ ಮುಖ ನೋಡುತ್ತಿದ್ದಳು.